ಕೃಷ್ಣಮೂರ್ತಿಯವರ ಮೆಮೊರಿ ರಿಪೇರಿ

ಇಂದಿರಾ: ಆ ಪೆಟ್ಟಿಗಿ ಎತ್ತತೀರೋ, ನಾನೇ ಬಾಲ್ಕನಿಯಿಂದ ಒಗೀಲೋ? ಸೂರತ್ ಬೀಗರು ಮಣಿನಗರ ಸ್ಟೇಶನ್ನಿನಾಗ ಇಳದಾರಂತ!

ಕೃಷ್ಣಮೂರ್ತಿ: ಇನ್ನೂ ಬೀಗರಾಗಿಲ್ಲ. ಹುಡುಗೀನ್ನ ನೋಡ್ಲಿಕ್ಕೆ ಬರಾವ್ರು. ಟಾರ್ಚ್ ಹಿಡಿ.

ಇಂದಿರಾ: ಊಟದ ಟೇಬಲ್ ಮ್ಯಾಲೆ ತಾಟು ಇಡ್ಲೋ, ನಿಮ್ಮ ಸ್ಕ್ರೂ ಇಡ್ಲೋ?

ಕೃಷ್ಣಮೂರ್ತಿ ಬಾಹ್ಯಾಕಾಶ ಸಂಶೋಧನಾ ಕೇಂದ್ರದಿಂದ ನಿವೃತ್ತರಾದವರು. ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಬಿದ್ದಿದ್ದದ್ದು, ಅವರು ಧಾರವಾಡದಿಂದ ಹೊಸದಾಗಿ ಅಹಮದಾಬಾದಿಗೆ ಬಂದಾಗ ಕೊಂಡ, ಟಿವಿಗೆ ಜೋಡಿಸುವ ಹೋಮ್ ಕಂಪ್ಯೂಟರ್.

ಕೃಷ್ಣಮೂರ್ತಿ: ಇದಕ್ಕ ಮೆಮೊರಿ ಕಮ್ಮಿ. ಚಂದ್ರನ ಮ್ಯಾಲೆ ಇಳಿಯೋ ಆಟ ಬರದಿದ್ದೆ, ಯಾವಾಗಲೂ ಅರ್ಧಕ್ಕ ನಿಲ್ತದ. ಈ ಕಾರ್ಡ್ ಕೂಡಿಸಿದ್ರ ಇವತ್ತು ಇಳದೇ ಇಳೀತದ.

ಇಂದಿರಾ: ಪೂರ್ವೀ! ಅವರಿಗೆ ಫೋನ್ ಮಾಡು, ಸ್ವಲ್ಪ ತಡಾ ಮಾಡಿ ಬರ್ರಿ ಅನ್ನು.

ಪೂರ್ವಿ (ಒಳಗಿನಿಂದ): ರೀಸನ್ ಏನ್ ಹೇಳ್ಲಿ?

ಇಂದಿರಾ: ಇದ್ದದ್ದೇ ಹೇಳು. ಅಪ್ಪ ಮೆಮೊರಿ ರಿಪೇರಿ ಮಾಡ್ಲಿಕ್ಕತ್ತಾರಂತ.

ಅಹಮದಾಬಾದಿನಲ್ಲೇ ಹುಟ್ಟಿ ಬೆಳೆದ ಮಗಳು ಪೂರ್ವಿಯ ಕನ್ನಡ ಅಷ್ಟಕ್ಕಷ್ಟೆ. ಗುಜರಾತಿಯಲ್ಲಿ ಅದು ‘ಅಪ್ಪನ ಮೆಮೊರಿ ರಿಪೇರಿ ನಡೆದಿದೆ’ ಎಂದಾಯಿತು.

ತಡ ಮಾಡುವುದಿರಲಿ, ಸೂರತ್ತಿನ ವರಾಛಾದಲ್ಲಿ ವಜ್ರ ಪಾಲಿಶ್ ಕಾರ್ಖಾನೆ ಇಟ್ಟಿರುವ ದಿನೇಶ್‌ಭಾಯಿ ಗಾಬರಿಯಿಂದ ಮಗನನ್ನು ಕರೆದುಕೊಂಡು ಓಡೋಡಿ ಬಂದರು. ಕೈಯಲ್ಲಿ ಹಣ್ಣಿನ ಬುಟ್ಟಿ. ಮುಂದಿನ ಮಾತೆಲ್ಲ ಹಿಂದಿಯಲ್ಲಿ.

ದಿನೇಶ್‌ಭಾಯಿ (ಮಗುವಿಗೆ ಹೇಳುವಂತೆ): ಇವತ್ತು ಯಾವ ವಾರ, ಗೊತ್ತಾ?

ಕೃಷ್ಣಮೂರ್ತಿ: ರಿಟೈರ್ ಆದವನಿಗೆ ಯಾವ ವಾರವಾದರೇನು?

ದಿನೇಶ್‌ಭಾಯಿ: ಹೋಗಲಿ, ಇವರು ಯಾರು?

ಕೃಷ್ಣಮೂರ್ತಿ (ಹೆಂಡತಿಯ ಕೆಂಪಾದ ಮುಖ ನೋಡಿ): ಈಗ ಹೇಳುವ ಧೈರ್ಯವಿಲ್ಲ.

ದಿನೇಶ್‌ಭಾಯಿ (ಇಂದಿರಾಗೆ, ದನಿ ತಗ್ಗಿಸಿ): ಎಷ್ಟು ದಿನದಿಂದ ಹೀಗೆ?

ಇಂದಿರಾ: ನನ್ನ ಮದುವೆಗೆ ಮೊದಲಿನಿಂದಲೂ. ಚೂರು ಬಿಸಿಯಾದರೆ ಸಾಕು, ನಿಂತುಬಿಡುತ್ತದೆ.

ದಿನೇಶ್‌ಭಾಯಿ: ಡಾಕ್ಟರು ಏನಂದರು?

ಕೃಷ್ಣಮೂರ್ತಿ: ಡಾಕ್ಟರು ಯಾಕೆ? ಕೆಳಗಡೆ ನಾಲ್ಕು ಸ್ಕ್ರೂ ಬಿಚ್ಚಿದರೆ ಆಯಿತು. ನಾನೇ ಮಾಡಿಕೊಳ್ಳುತ್ತೇನೆ.

ದಿನೇಶ್‌ಭಾಯಿ ಬುಟ್ಟಿಯ ಸಮೇತ ಕುರ್ಚಿಗೆ ಕುಸಿದರು. ಪೂರ್ವಿ ಓಡಿಬಂದಳು.

ಪೂರ್ವಿ: ಅಂಕಲ್, ಪಪ್ಪಾನದಲ್ಲ! ಕಂಪ್ಯೂಟರಿನ ಮೆಮೊರಿ!

ಎಲ್ಲರ ಕಣ್ಣೂ ಮೇಜಿನತ್ತ ಹೊರಳಿತು. ಆಮೇಲೆ ದಿನೇಶ್‌ಭಾಯಿ ನಕ್ಕ ನಗುವಿಗೆ ಹಣ್ಣುಗಳು ಉರುಳಿದವು. ಅಂಗಿಯ ತೋಳು ಮಡಚಿ ಅವರೇ ಟಾರ್ಚ್ ಹಿಡಿದರು. ಕಾರ್ಡ್ ಕೂತಿತು. ಟಿವಿಯಲ್ಲಿ ಚೌಕು ಚೌಕಾದ ರಾಕೆಟ್ಟೊಂದು ತೂಗಾಡುತ್ತ ಬಂದು ಚಂದ್ರನ ಮೇಲೆ ಇಳಿಯಿತು. ಕೃಷ್ಣಮೂರ್ತಿಯವರ ಕಣ್ಣು ತುಂಬಿತು.

ಇಂದಿರಾ (ಈಗ ಹೆಮ್ಮೆಯಿಂದ): ನಮ್ಮವರ ನೆನಪಿನ ಶಕ್ತಿ ಅಂದರೆ ಇಡೀ ಆಫೀಸಿಗೇ ಹೆಸರುವಾಸಿ!

ಕೃಷ್ಣಮೂರ್ತಿ (ಹುಡುಗನ ಬೆನ್ನು ತಟ್ಟಿ): ಬಾ ಅಮೃತ್, ಈಗ ನೀನು ಇಳಿಸು.

ಹುಡುಗ: ಅಂಕಲ್... ನಾನು ಕಶ್ಯಪ್.

ಪೂರ್ವಿ ಹಣೆ ಚಚ್ಚಿಕೊಂಡಳು. ಇಂದಿರಾ ಸ್ಕ್ರೂಡ್ರೈವರ್ ಎತ್ತಿ ಗಂಡನ ಕೈಗಿಟ್ಟರು.

ಇಂದಿರಾ (ಕನ್ನಡದಲ್ಲಿ, ನಗುನಗುತ್ತಲೇ): ಬಿಚ್ಚ್ರಿ ಅದನ್ನ. ಮೆಮೊರಿ ತಪ್ಪು ಜಾಗಾದಾಗ ಕೂತದ.