ಹೌದ್ರಿ ಹೌದು ಅನ್ನೂ ಹಿಮ್ಮೇಳ

ಗೀಗೀ ಪದದ ಮೇಳ ಕಟ್ಟಿಕೊಂಡ ಮನ್ಯಾಗ ಏನರೆ ಒಂದು ಫಜೀತಿ ಆಗದ ವಾರ ಇಲ್ಲ. ಮುಂದ ನಿಂತಾಕಿ ಒಂದು ಸಾಲು ಎಳದು ಉಸಿರು ತಗೊಂಡಳು ಅಂದ್ರ, ಹಿಂದ ನಿಂತವರು “ಹೌದ್ರಿ ಹೌದು!” ಅನ್ನಬೇಕು. ಅದು ಈ ಪದದ ಪದ್ಧತಿ. ಮುಂದ ನಿಂತಾಕಿ ನಾನು. ಹಿಂದ ತುಂತುಣಿ ಬಾರಿಸೋರು ನಮ್ಮ ಮನಿಯವರು, ದಪ್ಪು ಬಡಿಯೋನು ಮೈದುನ. ಇಬ್ಬರೂ ಮರಾಠಿ ಸೀಮಿಯ ಕಳಂಬೋಲಿಯೊಳಗ ಲೋಖಂಡ, ಅಂದ್ರ ಕಬ್ಬಿಣದ ಬಾಜಾರದಾಗ ಹಮಾಲಿ. ಇಪ್ಪತ್ತು ವರ್ಷ ಅಂದು ಅಂದು ಇಬ್ಬರಿಗೂ ಚಟಾ ಆಗಿಬಿಟ್ಟೈತಿ. ಎದುರಿನವರು ಮಾತಾಡಿ ಉಸಿರು ತಗೊಂಡ್ರ ಸಾಕು, ಬಾಯಿ ತಾನ ತೆರೀತೈತಿ. ಮನ್ಯಾಗ ನನ್ನ ಮಾತಿಗೆ ಮಾತ್ರ ಈ ಚಟಾ ಇಲ್ಲ.

ನಾವಿರೂ ಸಾಲುಮನಿಗಳ ಚಾಳಿಗೆ ನಳ ಇಲ್ಲ. ಹೆಣ್ಮಕ್ಕಳು ತಲಿ ಮ್ಯಾಲ ಕೊಡ ಹೊತ್ತು, ಲೋಖಂಡದ ಟ್ರೇಲರ್‌ಗೋಳ ನಡುವ ಹೈವೇ ದಾಟಿ ನೀರು ತರಬೇಕು. ದಿನಾ ಜೀವ ಕೈಯಾಗ ಹಿಡಕೊಂಡ ಹೋಗಿ ಬರೂದು. ಆ ಒಂದು ನಳಕ್ಕ ನಾನು ಹಾಡಿ, ಅರ್ಜಿ ಕೊಟ್ಟು, ಜಗಳಾಡಿ ಸಾಕಾಗಿದ್ದೆ. ಅದರಾಗೂ ಈ “ಹೌದ್ರಿ ಹೌದು” ಬಂದು ಕಾಲಾಗ ತೊಡರಿತು. ಅದನ್ನ ಕಡೀಕ ಹೇಳ್ತೀನಿ.

೧. ಡಾಕ್ಟರ್ ಮುಂದ

ಉಲ್ಹಾಸನಗರದಾಗ ಹಾಡಿಕಿ ಮುಗಿಸಿ ಬಂದ ಮರುದಿನ ಇವರಿಗೆ ಜ್ವರ. ಡಾಕ್ಟರ್ ಹತ್ರ ಒಬ್ಬರ ಹೋದ್ರು. ಡಾಕ್ಟರ್ ಹಿಂದಿಯೊಳಗ ಒಂದೊಂದ ಕೇಳಿ ನಿಂದರತಿದ್ರಂತ. “ದಾರೂ ಪೀತೇ ಹೋ?” ಇವರು ಹಿಮ್ಮೇಳಾನ ಹಿಂದಿಗೆ ತಿರುವಿ, “ಹಾಂ ಜೀ ಹಾಂ!” “ರೋಜ್?” “ಹಾಂ ಜೀ ಹಾಂ!”

ಹನಿ ಸೆರೆ ಮುಟ್ಟದ ಮನಿಷಾ! ಸಂಜಿಕೆ ನನಗ ಡಾಕ್ಟರ್ ಫೋನ್ ಬಂತು: “ತಾಯೀ, ನಿಮ್ಮ ಗಂಡನ ಕುಡಿತ ಬಿಡಿಸಬೇಕು.” ನಾನು ಹೌಹಾರಿ ಇವರ ಕಡೆ ತಿರುಗಿ, “ಏನ್ರೀ, ಕುಡೀತೀರೇನು?” ಅಂದೆ.

“ಇಲ್ಲ!” ಅಂದ್ರು. ಇಲ್ಲ ಅನ್ನಾಕ ನನ್ನ ಮುಂದ ಮಾತ್ರ ಬರತೈತಿ ನೋಡ್ರಿ.

೨. ಡೊಂಬಿವಲಿ ಕ್ಲಾಸ್

ಡೊಂಬಿವಲಿಯಾಗ ಉಡುಪಿ ಕಡೆಯ ಹೋಟೆಲ್ ಮಾಲಕರೊಬ್ಬರು ಕರದು, “ನಮ್ಮ ಸೊಸೈಟಿ ಮಕ್ಕಳಿಗೆ ಸ್ವಲ್ಪ ಕನ್ನಡ ಹಾಡು ಕಲಿಸಿ ಮಾರಾಯ್ರೆ” ಅಂದ್ರು. ಐತವಾರಕ್ಕೊಮ್ಮೆ ಹೋಗಾಕ ಹತ್ತಿದೆ. ಮಕ್ಕಳಿಗೆ ಕನ್ನಡ ತಿಳೀತೈತಿ, ಆದ್ರ ಉತ್ತರ ಮರಾಠಿಯೊಳಗ.

ಹಿಮ್ಮೇಳ ಹೇಳಿಕೊಟ್ಟು, “ಸೊಸಿ ಆದಾಕಿ ಮೊದಲ ಎದ್ದು ಚಾ ಕಾಸಬೇಕು” ಅಂತ ಎಳದೆ. ಮಾಲಕರ ಎಂಟು ವರ್ಷದ ಮಗಳು ಸೊಂಟದ ಮ್ಯಾಲ ಕೈ ಇಟ್ಟು, “ನಾಹೀ!” ಅಂತು.

“ಯಾಕವ್ವಾ? ಹೌದ್ರಿ ಹೌದು ಅನ್ನಬೇಕು.”

“ಪಣ ಮಾವಶೀ, ಆಮಚ್ಯಾ ಘರೀ ಚಹಾ ಪಪ್ಪಾ ಕರತಾತ.” ಅಂದ್ರ ಅವರ ಮನ್ಯಾಗ ಚಾ ಮಾಡೂದು ಅಪ್ಪ ಅಂತ!

ಉಳಿದ ಮಕ್ಕಳೂ ಸುರು ಮಾಡಿದ್ವು: “ನಾಹೀ ಜೀ ನಾಹೀ!” ಹಿಂದ ಕುಂತ ಅವ್ವಂದಿರು ಚಪ್ಪಾಳಿ ಬಡದರು. ಮಾಲಕರು ಮಾರಿ ಕೆಂಪಗ ಮಾಡ್ಕೊಂಡು ನನ್ನ ಹತ್ರ ಬಂದು ಸಣ್ಣ ದನಿಲೆ ಅಂದ್ರು: “ಹೋಟೆಲಿನಲ್ಲಿ ಹತ್ತು ಜನ ನನಗೆ ಚಾ ತಂದು ಕೊಡ್ತಾರೆ ಮಾರಾಯ್ರೆ. ಮನೆಯ ವಿಷಯ ಹೊರಗೆ ಬೇಡ.”

೩. ಸಾಹೇಬ್ರ ಕ್ಯಾಬಿನ್

ನೀರಿನ ಆಫೀಸಿಗೆ ನಿಯೋಗ ಹೋತು. ನಿಯೋಗ ಅಂದ್ರ ನಾವ ಮೂರು ಮಂದಿ. ಸಾಹೇಬ್ರು ಒಳ್ಳೆ ಮನಿಷಾ, ಚಾ ತರಿಸಿದ್ರು. ಆಮ್ಯಾಲ ಮರಾಠಿಯೊಳಗ ಸಾವಕಾಶ ಒಂದೊಂದ ಮಾತು ಸುರು ಮಾಡಿದ್ರು.

“ನಿಮ್ಮ ಚಾಳು ನಕ್ಷಾದಾಗ ಇಲ್ಲ...” ಉಸಿರು ತಗೊಂಡ್ರು.

ಹಿಂದಿನಿಂದ ಇಬ್ಬರೂ ಮರಾಠಿಯೊಳಗ ಅದ ಹೌದ್ರಿ ಹೌದು: “ಹೋ ಜೀ ಹೋ!”

ನಾನು ಇವರ ಕಾಲು ತುಳದೆ. “ಈ ವರ್ಷ ನಳ ಕೊಡೂದು ಕಷ್ಟ...” “ಹೋ ಜೀ ಹೋ!” “ಮುಂದಿನ ವರ್ಷ ನೋಡೂಣಂತ...” “ಹೋ ಜೀ ಹೋ!” ಮೈದುನ ಟೇಬಲ್ ಮ್ಯಾಲ ತಾಳಾನೂ ಹಾಕಿದ!

ಸಾಹೇಬ್ರು ಖುಷಿಲೆ ಫೈಲ್ ತೆಗದು ಬರದ ಬಿಟ್ಟರು: ಚಾಳಿನವರು ಒಪ್ಪಿದ್ದಾರೆ.

ಚಾಳಿನ್ಯಾಗ ಅಷ್ಟೂ ಹೆಣ್ಮಕ್ಕಳು ಬಾಗಲಾಗ ಕುಂತಿದ್ರು, ನಳ ಬರತೈತಿ ಅಂತ. ಏನಂತ ಹೇಳಲಿ ಅವರಿಗೆ? ವಾಪಸ್ ಬರೂಮುಂದ ಲೋಕಲ್ ರೈಲಿನ್ಯಾಗ ಕಣ್ಣಾಗ ನೀರ ಬಂತು. “ಆ ಡೊಂಬಿವಲಿ ಕೂಸನ್ನರೆ ಕರಕೊಂಡ ಹೋಗಬೇಕಿತ್ತು!” ಅಂತ ಚೀರಿದೆ, ಚೀರಿ ಉಸಿರು ತಗೊಂಡೆ.

“ಹೌದ್ರಿ ಹೌದು” ಅಂದ ಮೈದುನ.

೪. ಗೇಟಿನ ಮುಂದ

ಎಂಟು ದಿನ ಬಿಟ್ಟು ಆಫೀಸಿನ ಗೇಟಿನ ಮುಂದ ಮೇಳ ಹಚ್ಚಿದೆ. ಹಿಂದ ಚಾಳಿನ ಹೆಣ್ಮಕ್ಕಳು, ಒಬ್ಬೊಬ್ಬರ ಕೈಯಾಗ ಖಾಲಿ ಕೊಡ. ಎಲ್ಲಾರಿಗೂ ನಮ್ಮ ಮೇಳದ ಕೈಸನ್ನಿ ಕಲಿಸಿದ್ದೆ: ಎಡಗೈ ಎತ್ತಿದ್ರ ಎಲ್ಲಾ ಬಂದ್, ಉಸಿರೂ ಬಿಡಂಗಿಲ್ಲ.

ಊಟದ ಹೊತ್ತಿಗೆ ಕ್ಲರ್ಕ್, ಶಿಪಾಯಿ ಎಲ್ಲಾ ಹೊರಗ ಬಂದ್ರು. ಗದ್ದಲ ನಿಲ್ಲಸಾಕ ಸಾಹೇಬ್ರೂ ಇಳದು ಬಂದ್ರು. ದೊಡ್ಡವರು ಬಂದ್ರ ಪದದಾಗ ಸ್ವಾಗತ ಮಾಡೂದು ನಮ್ಮ ಪದ್ಧತಿ. ಮರಾಠಿಯೊಳಗ ಎಳದೆ: “ಸಾಹೇಬ್ರ ಮನಸು ದೊಡ್ಡದು...”

“ಹೋ ಜೀ ಹೋ!” ಅಂತು ಮಂದಿ. ಶಿಪಾಯಿನೂ ಅಂದ. ಸಾಹೇಬ್ರ ಮಾರಿ ಅರಳಿತು.

“ಅವರ ಆಫೀಸಿನ್ಯಾಗ ಚಾ ಚಲೋ...” “ಹೋ ಜೀ ಹೋ!” ಸಾಹೇಬ್ರ ಬೂಟು ತಾಳಾ ಹಾಕಾಕ ಹತ್ತಿತು.

“ಹೈವೇ ದಾಟೂದು ಜೀವಕ್ಕ ಗಂಡಾಂತರ...” “ಹೋ ಜೀ ಹೋ!” ಈ ಸಲ ಸಾಹೇಬ್ರೂ ದನಿಗೂಡಿಸಿದ್ರು. ಇನ್ನೆರಡು ಸಾಲಿಗೆ ಎಲ್ಲಾರಕಿಂತ ದೊಡ್ಡ ದನಿ ಅವರದ!

ಆಗ ಎಳದೆ: “ಹದಿನೈದು ದಿನದಾಗ ನಮ್ಮ ಚಾಳಿಗೆ ನಳ ಬರತೈತಿ...” ಅಂದು ಎಡಗೈ ಎತ್ತಿದೆ.

ದಪ್ಪು ಬಂದ್. ತುಂತುಣಿ ಬಂದ್. ಮಂದಿ ಗಪ್‌ಚುಪ್. ನಳದ ಮಾತು ಬಂತಂತ ಕ್ಲರ್ಕ್, ಶಿಪಾಯಿನೂ ಬಾಯಿ ಬಿಡಲಿಲ್ಲ. ತಾಳದಾಗ ಮೈಮರತ ಸಾಹೇಬ್ರು ಒಬ್ಬರ:

“ಹೋ ಜೀ ಹೋ!”

ಎಲ್ಲಾ ಮೊಬೈಲೂ ಅವರ ಮಾರಿ ಮ್ಯಾಲ ಇದ್ವು. ಸಾಹೇಬ್ರು ತೆರದ ಬಾಯಿ ಹಂಗ ತೆರದು ನಿಂತ್ರು. ನಮ್ಮ ಮನಿಯವರು ಹೋಗಿ ಅವರ ಹೆಗಲ ಮ್ಯಾಲ ಕೈ ಇಟ್ಟು ಅಂದ್ರು: “ಬಿಡ್ರಿ ಸಾಹೇಬ, ನನಗೂ ಹಿಂಗ ಆಗತೈತಿ.”

ಸಾಹೇಬ್ರು ಹೊಟ್ಟಿ ಹಿಡಕೊಂಡು ನಕ್ಕರು. ಹದಿನೈದಲ್ಲ, ಇಪ್ಪತ್ತು ದಿನಕ್ಕ ನಳ ಬಂತು. ಮೊದಲಿನ ಕೊಡ ತುಂಬೂಮುಂದ ಹೆಣ್ಮಕ್ಕಳು ನಕ್ಕದ್ದ ನಕ್ಕದ್ದು, ನಾನು ಮಾತ್ರ ಅತ್ತೆ.

ನಳ ಸುರು ಮಾಡಾಕ ಸಾಹೇಬ್ರ ಬಂದಿದ್ರು. ಒಂದು ಪದಾ ಆಗಲಿ ಅಂದ್ರು ಎಲ್ಲಾರೂ. ನಾನು ಎಳದೆ: “ನಮ್ಮ ಹಿಂದ ಇರೂ ಚಾಳಿಗೂ ಒಂದು ನಳ ಬೇಕು...”

ಸಾಹೇಬ್ರು ಗಡಬಡಿಸಿ ಎರಡೂ ಕೈಲೆ ಬಾಯಿ ಮುಚ್ಚಿಕೊಂಡ್ರು. ಬಾಯಿ ಮುಚ್ಚಿತ್ತು ಖರೆ, ಆದ್ರ ದಪ್ಪಿನ ಪೆಟ್ಟಿಗೆ ತಲಿ ಅಲ್ಲಾಡಾಕ ಹತ್ತಿತ್ತು. ಹಿಂದಿನ ಚಾಳಿನವರು ಅದನ್ನೂ ಮೊಬೈಲಿನ್ಯಾಗ ಹಿಡದಾರ.