ಅವ್ವನ ತಂಬಿಗೆ, ಅಪ್ಪನ ಕಿವಿ ಮಷೀನು

ಕಿವಿಯೊಳಗೆ ಬಿದ್ದದ್ದನ್ನು ಹಾಗೇ ಹೊರಗೆ ಬಿಡುವುದು, ಇಷ್ಟೇ ನನ್ನ ವಿದ್ಯೆ. ಮುಂಡರಗಿ ಬಸ್ಸಿನ ಕಂಡಕ್ಟರು, ಸೋದರಮಾವನ ಗೊರಕೆ, ಹೋಳಿಗೆ ಬೇಡವೆನ್ನುತ್ತಲೇ ತಾಟು ಮುಂದೆ ಸರಿಸುವ ನನ್ನದೇ ದನಿ, ಯಾವುದನ್ನೂ ಅಣಕಿಸದೆ ಬಿಟ್ಟವನಲ್ಲ. ಬೆಟಗೇರಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟ ಮೇಲೆ ತಿಳಿಯಿತು, ಈ ಉದ್ಯೋಗಕ್ಕೆಂದೇ ಒಂದು ಚಿಪ್ಪು ಇದೆ ಎಂದು. ಮೈಕಿಗೆ ಗೊತ್ತಿರುವುದು ಏರಿಳಿಯುವ ಕರೆಂಟು. ಪ್ರೊಸೆಸರಿಗೆ ಗೊತ್ತಿರುವುದು ಬರೀ ಅಂಕಿ. ಇಬ್ಬರಿಗೂ ಮಾತುಕತೆ ಇಲ್ಲ. ನಡುವೆ ಕುಳಿತ ಅನಲಾಗ್ ಇಂಟರ್‌ಫೇಸ್ ಚಿಪ್ಪು ಆ ಏರಿಳಿತವನ್ನು ಕ್ಷಣಕ್ಕೆ ಸಾವಿರಾರು ಸಲ ಅಳೆದು, ಅಂಕಿ ಮಾಡಿ ದಾಟಿಸುತ್ತದೆ. ಹೊಗಳಿಕೆಯೋ ಬೈಗುಳವೋ, ಅದಕ್ಕೆ ಸಂಬಂಧವಿಲ್ಲ. ಥೇಟ್ ನಾನೇ. ಆದರೆ ಅದಕ್ಕೆ ಯಾರೂ ಚಪ್ಪಲಿ ತೋರಿಸುವುದಿಲ್ಲ.

ಅಪ್ಪನ ಕಿವಿಗೆ ಹಾಕಿಸಿದ ಮಷೀನಿನಲ್ಲೂ ಇದೇ ಏರ್ಪಾಡು. "ಎಲ್ಲಾ ಕೇಳ್ತೈತಲೇ, ನೀ ಬೆನ್ನಹಿಂದ ನನ್ನ ಅಣಕಸೋದೂ ಕೇಳ್ತೈತಿ" ಎಂದು ಬೀಗಿದ್ದ.

ಅವ್ವ ಅಪ್ಪನನ್ನು ಎಂದೂ ಬಾಯಿಬಿಟ್ಟು ಕರೆದವಳಲ್ಲ. ಲಕ್ಷ್ಮೇಶ್ವರದ ಮನೆಯಲ್ಲಿ ಅತ್ತೆಯ ಮುಂದೆ ಗಂಡನನ್ನು ಕೂಗಬಾರದೆಂದು ಕಲಿತದ್ದು, ಅತ್ತೆ ಹೋಗಿ, ನಾವು ಬೆಟಗೇರಿಗೆ ಬಂದ ಮೇಲೂ ಬಿಡಲಿಲ್ಲ. ಬಾಗಿಲಿಗೆ ತಂಬಿಗೆ ಬಡಿದು ಟಣ್ ಟಣ್ ಅನ್ನಿಸುವಳು. ಅಪ್ಪ "ಬಂದ್ನಿ" ಎಂದು ಏಳುವನು. ಮಷೀನು ಬಂದಮೇಲೆ ತಂಬಿಗೆಯ ಸದ್ದಿಗೆ ಅಪ್ಪ ಏಳುವುದು ನಿಂತಿತು. ಅವ್ವ ನನ್ನೆದುರು ನಕ್ಕಳು: "ನಿಮ್ಮಪ್ಪಗ ಈಗ ಊರೆಲ್ಲಾ ಕೇಳ್ತೈತಿ, ನಾ ಒಬ್ಬಾಕಿ ಬಿಟ್ಟು."

ಒಂದು ಮುಂಜಾನೆ ಬಚ್ಚಲಲ್ಲಿ ಅವ್ವನಿಗೆ ಲಕ್ವಾ ಹೊಡೆಯಿತು. ನಾಲಿಗೆ ಬಿದ್ದುಹೋಗಿತ್ತು, ಒಂದು ಕೈ ಮಾತ್ರ ಆಡುತ್ತಿತ್ತು. ನಾನು ಊಟಕ್ಕೆ ಬಂದಾಗ ಅಪ್ಪ ಪಡಸಾಲೆಯಲ್ಲಿ ಕುಳಿತು ಪಕ್ಕದ ಮನೆಯ ಟೀವಿ ಕೇಳುತ್ತಿದ್ದ. "ನಿಮ್ಮವ್ವ ಇವತ್ತ ಭಾಳ ಶಾಂತ ಅದಾಳ" ಅಂದ. ಬಚ್ಚಲ ಕಲ್ಲಿಗೆ ಬಡಿದೂ ಬಡಿದೂ ತಂಬಿಗೆಯ ಅಂಚು ಒಳಗೆ ಹೋಗಿತ್ತು. ಪಕ್ಕದ ಮನೆಯಾಕೆ ಆಮೇಲೆ ಅತ್ತಳು: "ಸಪ್ಪಳ ಕೇಳಿತ್ತೋ ತಮ್ಮಾ, ಭಾಂಡೆ ತಿಕ್ಕಾಕತ್ತಾರ ಅಂದಕೊಂಡೆ." ಅವ್ವ ಆಸ್ಪತ್ರೆಯಿಂದ ತಿರುಗಿ ಬರಲಿಲ್ಲ.

ದಿನಕರ್ಮ ಮುಗಿದ ಮೇಲೆ ಅಪ್ಪನನ್ನು ಗದಗಿನ ಮಷೀನಿನವನ ಹತ್ತಿರ ಕರೆದೊಯ್ದೆ. ಅವನು ಪರೀಕ್ಷಿಸಿ ಹೇಳಿದ: ಚಿಪ್ಪಿನ ತಪ್ಪಲ್ಲ, ಅದು ಟಣ್ ಟಣ್ಣನ್ನೂ ನಿಷ್ಠೆಯಿಂದ ದಾಟಿಸಿತ್ತು. ಅದರಾಚೆಯ ಪ್ರೊಸೆಸರು, ಭಾಂಡೆಯ ಚೂಪು ಸದ್ದು ಹಿರಿಯರಿಗೆ ಕಿರಿಕಿರಿ ಎಂದು ಅದನ್ನು ಅದುಮುತ್ತಿತ್ತು.

"ಆ ಅದುಮೋದನ್ನ ತಗೀರಿ" ಅಂದ ಅಪ್ಪ.

"ಎಲ್ಲಾ ಸಪ್ಪಳ ಚುಚ್ಚತಾವ್ರಿ, ಯಜಮಾನ್ರ."

"ಚುಚ್ಚಲಿ ಬಿಡ್ರಿ."

ಮೊನ್ನೆ ನನ್ನ ಕೈಯಿಂದ ಅದೇ ತಂಬಿಗೆ ಜಾರಿತು. ಪಡಸಾಲೆಯಿಂದ "ಬಂದ್ನಿ" ಎಂದು ಕೇಳಿಸಿತು. ಅಪ್ಪ ಬಂದು ಬಾಗಿಲಲ್ಲಿ ನಿಂತ, ನನ್ನನ್ನು ನೋಡಿದ, ತಿರುಗಿ ಹೋದ.

ಅಂದಿನಿಂದ ಅಡುಗೆಮನೆಯ ಕಟ್ಟೆಗೆ ಅರಿವೆ ಹಾಸಿ, ಅದರ ಮೇಲೆ ತಂಬಿಗೆಯನ್ನು ಮೆಲ್ಲಗೆ ಇಡುತ್ತೇನೆ. ಮಷೀನಿನಿಂದ ತೆಗೆಸಿದ, ಸದ್ದು ಅದುಮುವ ಕೆಲಸಕ್ಕೆ ಈಗ ನಾನೇ ಸೇರಿಕೊಂಡಿದ್ದೇನೆ.