ಬಾಡಿಗೆ ಚಿಪ್ಪಿನ ಏಡಿ

ಕಾಶಪ್ಪನ ಕಷ್ಟಕ್ಕೆಲ್ಲ ಕಾರಣ ಒಂದು ಗಾಜಿನ ತೊಟ್ಟಿ.

ವಿಜಯಪುರ ಜಿಲ್ಲೆಯ ಒಣ ಸೀಮೆಯಲ್ಲಿ ಹುಟ್ಟಿದ ಕಾಶಪ್ಪ ಮುಂಬಯಿಗೆ ನೌಕರಿಗೆ ಬಂದ ಮೇಲೆಯೇ ಸಮುದ್ರ ಕಂಡದ್ದು. ಕಂಡವನು ಎಲ್ಲರ ಹಾಗೆ ಭೇಲ್‌ಪುರಿ ತಿಂದು ಮನೆಗೆ ಬಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ನೀರು ಇಳಿದಾಗ ಬಾಂದ್ರಾದ ಬಂಡೆಗಳ ನಡುವೆ ಉಳಿಯುವ ಸಣ್ಣ ಹೊಂಡಗಳಲ್ಲಿ ಇವನು ಇಣುಕಿ ನೋಡಿದ. ಅಲ್ಲೊಂದು ಪುಟ್ಟ ಏಡಿ, ಯಾವುದೋ ಸತ್ತ ಹುಳದ ಖಾಲಿ ಚಿಪ್ಪನ್ನು ಬೆನ್ನಿಗೇರಿಸಿಕೊಂಡು ಓಡಾಡುತ್ತಿತ್ತು. ಮೈ ಬೆಳೆದಂತೆ ಅದು ಹಳೆಯ ಚಿಪ್ಪು ಬಿಟ್ಟು ಬೇರೆ ಚಿಪ್ಪು ಹುಡುಕಿಕೊಂಡು ಹೋಗುತ್ತದಂತೆ. ಅದು ತಿಳಿದಾಗ ಕಾಶಪ್ಪನ ಕರುಳು ಚುರುಕ್ ಎಂದಿತು. ಹನ್ನೊಂದು ತಿಂಗಳಿಗೊಮ್ಮೆ ಅಗ್ರಿಮೆಂಟು ಮುಗಿದು, ಗಂಟು ಮೂಟೆ ಹೊತ್ತು, ಮನೆಯಿಂದ ಮನೆಗೆ ಅಲೆಯುತ್ತ ಮುಲುಂಡ್ ಮುಟ್ಟಿದವನಲ್ಲವೇ ಅವನೂ!

ತೊಟ್ಟಿ ಬಂತು. ಸಮುದ್ರದ ನೀರು ತುಂಬಿಸಿದ್ದಾಯಿತು. ಆ ನೀರು ತಣ್ಣಗಿದ್ದರೇ ಜೀವ ಉಳಿಯುತ್ತದೆಂದು ಅಂಗಡಿಯವನು ಹೇಳಿದ್ದರಿಂದ ಕಾಶಪ್ಪ ದಿನವೂ ಅದರಲ್ಲಿ ಹಿಮಗಟ್ಟಿದ ನೀರಿನ ಬಾಟಲಿ ತೇಲಿಬಿಡತೊಡಗಿದ.

"ಫ್ರೀಜರ್ ತಗದ್ರ ಬರೇ ನಿಮ್ಮ ಬಾಟ್ಲಿ. ನನ್ನ ಬಟಾಣಿ ಎಲ್ಲಿ ಇಡ್ಲಿ?" ಎಂದಳು ಹೆಂಡತಿ ಶೈಲಾ. "ತೊಟ್ಟಿಯೊಳಗ ಒಂದು ಹುಳಾನೂ ಇಲ್ಲ, ಬರೇ ನೀರಿಗೆ ರಾಜೋಪಚಾರ!"

ಹುಳ ಇರಲಿಲ್ಲ, ಏಕೆಂದರೆ ಕಾಶಪ್ಪ ಕಾಯ್ದೆಗೆ ಹೆದರುವ ಪ್ರಾಣಿ. ರಜೆ ಹಾಕಿ ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ವಿಚಾರಿಸಿದ. ಹವಳ, ಕಡಲಕುದುರೆ, ಪಟ್ಟಿಯಲ್ಲಿರುವ ಶಂಖಗಳನ್ನು ಮುಟ್ಟಬಾರದೆಂದು ತಿಳಿದುಕೊಂಡ. ಸಾಮಾನ್ಯ ಜಾತಿಯ ಒಂದೆರಡು ಏಡಿಗೆ ತಕರಾರಿಲ್ಲವೆಂದು ಅಲ್ಲಿಯ ಸಾಹೇಬರ ಬಾಯಿಂದಲೇ ಹೇಳಿಸಿಕೊಂಡ ಮೇಲೆಯೇ ಒಂದು ಭಾನುವಾರ ಬೆಳಿಗ್ಗೆ ಬಕೆಟ್ ಹಿಡಿದು ಹೊರಟ.

ಆರಿಸಿದ ದಿನ ಮಾತ್ರ ಕೆಟ್ಟದ್ದು. ಅದೇ ಸಂಜೆ ಮನೆಯ ಮಾಲೀಕ ಧೀರಜ್‌ಭಾಯಿ ಹೊಸ ಅಗ್ರಿಮೆಂಟಿಗೆ ಸಹಿ ಹಾಕಲು ಬರುವವರಿದ್ದರು. ಸೊಸಾಯಿಟಿಯ ಸೆಕ್ರೆಟರಿಯೂ ಅವರೇ. ಶುದ್ಧ ಶಾಕಾಹಾರದ ಬಿಲ್ಡಿಂಗ್ ಅದು. ಮೊಟ್ಟೆಯ ಚಿತ್ರವಿರುವ ಕೇಕಿನ ಡಬ್ಬಿಯನ್ನೂ ಗೇಟಿನಲ್ಲೇ ತಡೆಯುತ್ತಿದ್ದರು. ಅಪ್ಪನ ಅರಿವೆ ಅಂಗಡಿ ಹುಬ್ಬಳ್ಳಿಯಲ್ಲಿದ್ದುದರಿಂದ ಧೀರಜ್‌ಭಾಯಿ ಬೆಳೆದದ್ದು ಅಲ್ಲಿಯೇ. "ನಮ್ಮ ಕಡೀ ಲಿಂಗಾಯತ ಮಂದಿ, ಉಳ್ಳಾಗಡ್ಡಿ ಬಿಟ್ರ ಮತ್ತೇನೂ ಪಾಪ ಮಾಡಂಗಿಲ್ಲ" ಎಂದು ನಂಬಿಯೇ ಅವರು ಕಾಶಪ್ಪನಿಗೆ ಮನೆ ಕೊಟ್ಟಿದ್ದರು. ಮಗಳ ಶಾಲೆ ಪಕ್ಕದಲ್ಲೇ ಇತ್ತು. ಈ ಮನೆ ಬಿಟ್ಟರೆ ಮತ್ತೆ ದೂರದ ಕಲ್ಯಾಣ ಸ್ಟೇಷನ್ನಿನಾಚೆಗೇ ಗತಿ.

ಬೇಟೆ ಚೆನ್ನಾಗಿಯೇ ಆಯಿತು. ಚಿಪ್ಪು ಹೊತ್ತ ನಾಲ್ಕು ಪುಟಾಣಿ ಏಡಿಗಳು ಬಕೆಟ್ ಸೇರಿದವು. ಲೋಕಲ್ ರೈಲಿನಲ್ಲಿ ಬಕೆಟ್ ಕಂಡವರು ಅವನನ್ನು ಲಗೇಜ್ ಡಬ್ಬಿಗೆ ಅಟ್ಟಿದರು. ಅಲ್ಲಿ ಮೀನು ಮಾರುವ ಬಾಯಿಯರು ಬುಟ್ಟಿಗಳ ನಡುವೆ ಅವನಿಗೊಂದು ಜಾಗ ಮಾಡಿಕೊಟ್ಟು, ಇವನ ಏಡಿಗಳನ್ನು ನೋಡಿ ಘಾಟ್ಕೋಪರದವರೆಗೂ ನಕ್ಕರು. ಇಳಿಯುವಾಗ ಅವನ ಪ್ಯಾಂಟಿನ ಮೇಲೆ ಒಂದು ಬುಟ್ಟಿಯ ನೀರು ಪೂರ್ತಿ ಸುರಿದಿತ್ತು.

ಗೇಟಿನಲ್ಲಿ ವಾಚ್‌ಮನ್ ಮರೆಪ್ಪ ಕುರ್ಚಿ ಬಿಟ್ಟು ಎದ್ದ. ಯಾದಗಿರಿ ಕಡೆಯವನಾದ್ದರಿಂದ ಕಾಶಪ್ಪನ ಮೇಲೆ ಅವನಿಗೆ ಊರಿನ ಸಲಿಗೆ.

"ಸಾಹೇಬ್ರ, ವಾಸನಿ ಭಾರಿ ಬಂದದ!" ಎನ್ನುತ್ತ ಮುಚ್ಚಳ ಎತ್ತಿಯೇಬಿಟ್ಟ. "ಏಡಿ! ಆದ್ರ ಭಾಳ ಸಣ್ಣವ ಅವ. ಇವನ್ನ ಅರದು ಸಾರು ಮಾಡ್ಬೇಕ್ರಿ. ನನಗೂ ಒಂದು ಬಟ್ಟಲಾ ಇರ್ಲಿ."

"ಇವು ತಿನ್ನಾಕಲ್ಲೋ ಮಾರಾಯ, ಸಾಕಾಕ!"

"ಆತ್ರಿ, ಸಾಕಾಕ" ಎಂದು ಮರೆಪ್ಪ ಕಣ್ಣು ಮಿಟುಕಿಸಿದ. "ನಾ ಯಾರ ಮುಂದೂ ಹೇಳಂಗಿಲ್ಲ."

ಲಿಫ್ಟಿನಲ್ಲಿ ಎದುರು ಮನೆಯ ನಮಿತಾ ಇದ್ದಳು. ಮಲ್ಪೆ ಕಡೆಯವಳು, ಈ ಬಿಲ್ಡಿಂಗಿಗೆ ಬಂದಾಗಿನಿಂದ ಬಸಳೆ ಸೊಪ್ಪಿನಲ್ಲೇ ಜೀವ ಹಿಡಿದುಕೊಂಡವಳು. ಬಾಗಿಲು ಮುಚ್ಚುತ್ತಲೇ ಅವಳು ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆದಳು.

"ಎಂಥ ಅದು ಕಾಶಪ್ಪಣ್ಣ, ಬಕೆಟಿನಲ್ಲಿ?"

ಅವನು ಉತ್ತರಿಸುವಷ್ಟರಲ್ಲಿ ಲಿಫ್ಟು ಎರಡನೇ ಮಾಳಿಗೆಯಲ್ಲಿ ನಿಂತು, ಧೀರಜ್‌ಭಾಯಿ ಒಳಗೆ ಬಂದರು. ತಮ್ಮ ಜೈನ ಗುಡಿ ದೇರಾಸರದಿಂದ ಬಂದು, ಯಾರಿಗೋ ಸೊಸಾಯಿಟಿಯ ರಸೀದಿ ಕೊಟ್ಟು ಮೇಲಕ್ಕೆ ಹೊರಟಿದ್ದರು. ಮೈಮೇಲೆ ಪೂಜೆಯ ಬಿಳಿ ಧೋತರ. ಲಿಫ್ಟು ಎಂದಿನಂತೆ ಜರ್ಕು ಹೊಡೆಯಿತು. ಮುಚ್ಚಳ ಸರಿಯಿತು. ನೀರಿನ ಜೊತೆ ಹೊರಬಿದ್ದ ಒಂದು ಏಡಿ ಅತ್ತಿತ್ತ ನೋಡಿ, ಸಮೀಪದಲ್ಲಿ ಕಂಡ ಧೋತರದ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿತು.

"ಕಾಶಪ್ಪಾ!" ಧೀರಜ್‌ಭಾಯಿ ಚೀರಿದರು. "ಏನಪಾ ಇದು? ನಮ್ಮ ಬಿಲ್ಡಿಂಗಿನ್ಯಾಗ! ಅದೂ ನೀನು!"

ಕಚೇರಿಯ ಸಾಹೇಬರು ತಕರಾರಿಲ್ಲ ಎಂದಿದ್ದನ್ನು ಹೇಳಿ ಉಪಯೋಗವಿರಲಿಲ್ಲ. ಸರಕಾರದ ಕಾಯ್ದೆ ಸಮುದ್ರದ ದಂಡೆಗೆ. ಗೇಟಿನೊಳಗೆ ಸೊಸಾಯಿಟಿಯದೇ ಕಾಯ್ದೆ. ಕಾಶಪ್ಪನ ಕಣ್ಣ ಮುಂದೆ ಕಲ್ಯಾಣದ ಲೋಕಲ್ ಹಾದುಹೋಯಿತು. ಬಾಯಿಗೆ ಬಂದದ್ದನ್ನು ಅಂದುಬಿಟ್ಟ.

"ಉಳಿಸ್ಕೊಂಡು ಬಂದೀನ್ರಿ, ಧೀರಜ್‌ಭಾಯಿ! ಮೀನಿನ ಬಾಯಾರು ಇವನ್ನ ಕುದಿಯೋ ನೀರಿಗೆ ಹಾಕೋರಿದ್ರು. ನನಗ ತಡೀಲಿಲ್ಲ."

ಧೀರಜ್‌ಭಾಯಿಯ ಮುಖ ಬೆಣ್ಣೆಯಂತೆ ಕರಗಿತು. ಧೋತರ ಹಿಡಿದಿದ್ದ ಏಡಿಗೇ ಕೈಮುಗಿದರು. "ಜೀವದಯಾ! ನಮ್ಮ ಅಪ್ಪಾಜಿ ಹುಬ್ಬಳ್ಳಿ ಸಂತ್ಯಾಗ ಪಾರಿವಾಳ ಕೊಂಡು ಹಾರಿ ಬಿಡ್ತಿದ್ರು. ಇಲ್ಲಿ ನಮಗ್ಯಾರಿಗೂ ಈ ಬುದ್ಧಿ ಬರಲಿಲ್ಲ ನೋಡು."

ಕಾಶಪ್ಪ ಗೆದ್ದೆನೆಂದುಕೊಂಡು ಮನೆಗೆ ಬಂದ. ತೊಟ್ಟಿಯ ನೀರಿಗೆ ಹೊಂದಿಕೊಳ್ಳಲೆಂದು ಅದನ್ನೇ ಸ್ವಲ್ಪ ಬೆರೆಸಿ, ಏಡಿಗಳನ್ನು ಬಕೆಟ್ ಸಮೇತ ಬಚ್ಚಲಲ್ಲಿಟ್ಟು, ಸ್ನಾನ ಮಾಡಿ, ಊಟ ಮಾಡಿ, ಅಡ್ಡಾದ.

ಬೆಲ್ಲಾಯಿತು. ಬಾಗಿಲಲ್ಲಿ ಧೀರಜ್‌ಭಾಯಿ, ಮೂಗಿಗೆ ಕರವಸ್ತ್ರ. ಹಿಂದೆ ಅವರ ಡ್ರೈವರ್. ಅವನ ಎರಡೂ ಕೈಯಲ್ಲಿ ಎರಡು ಬುಟ್ಟಿ. ಬುಟ್ಟಿ ತುಂಬ ಅಂಗೈಯಗಲದ ಏಡಿಗಳು. ಮಾರ್ಕೆಟಿನವರು ಕೊಂಡಿಗಳಿಗೆ ದಾರ ಬಿಗಿದಿದ್ದರಿಂದ ಅವು ಕಣ್ಣಲ್ಲೇ ಸಿಟ್ಟು ಮಾಡುತ್ತಿದ್ದವು.

"ಒಂದು ಬುಟ್ಟಿ ನನ್ನ ಹೆಸರಿನ್ಯಾಗ, ಒಂದು ನಮ್ಮ ತಾಯಿ ಹೆಸರಿನ್ಯಾಗ" ಎಂದರು ಧೀರಜ್‌ಭಾಯಿ. "ನಾವು ಮುಟ್ಟಂಗಿಲ್ಲ, ನಿನಗ ಕೈ ಪಳಗೈತಿ. ಸಂಜಿ ಒಳಗ ಇವು ಸಮುದ್ರ ಸೇರಬೇಕು. ಆಮ್ಯಾಲೆ ನಾ ಬಂದು ಸಹಿ ಹಾಕ್ತೀನಿ."

ಬುಟ್ಟಿಗಳನ್ನು ಬಚ್ಚಲಲ್ಲಿ ಇಳಿಸಿ ಅವರು ಹೋದದ್ದೇ ತಡ, ಶೈಲಾ ಸೆರಗು ಸಿಕ್ಕಿಸಿದಳು. "ಅತ್ತೀ ಮನಿಗೆ ಬಂದು ಮೊಟ್ಟೀನೂ ಮುಟ್ಟದಾಕಿ ನಾನು. ನನ್ನ ಬಚ್ಚಲದಾಗ ಮೀನಿನ ಸಂತಿ ಹೂಡ್ಯಾರಲ್ರೀ! ಒಂದು ತಾಸಿನೊಳಗ ಇವು ಇರಬಾರದು."

"ಭಾನುವಾರ ಲೋಕಲ್ ಅರ್ಧ ಬಂದ್. ಬಾಂದ್ರಾಕ್ಕ ಹೋಗಿ ಬರೂದ್ರಾಗ ಧೀರಜ್‌ಭಾಯಿ ಬಂದು ಹೋಗಿರ್ತಾರ" ಎಂದು ಕಾಶಪ್ಪ ತಲೆಗೆ ಕೈಹೊತ್ತು ಕುಳಿತ.

ಆಗ ತೆರೆದ ಬಾಗಿಲಿನಿಂದ ದೇವತೆಯ ಹಾಗೆ ನಮಿತಾ ಒಳಗೆ ಬಂದಳು. "ನೀವು ಎಂಥಕ್ಕೆ ತಲೆಬಿಸಿ ಮಾಡುವುದು? ನಾನು ಹೇಗೂ ತಂಗಿಯ ಮನೆಗೆ ಕಾರಲ್ಲಿ ಹೋಗ್ಲಿಕ್ಕುಂಟು. ಅವಳ ಮನೆ ಸಮುದ್ರದ ಹತ್ರವೇ. ಕೊಡಿ ಇತ್ಲಾಗೆ, ನಾನೇ ಬಿಟ್ಟು ಬರ್ತೇನೆ."

ಕಾಶಪ್ಪ ಅವಳಿಗೆ ಕೈಮುಗಿಯುತ್ತಿದ್ದಾಗ ಶೈಲಾ ಬಚ್ಚಲಿಗೆ ನುಗ್ಗಿ, ಕಂಡ ಏಡಿಯನ್ನೆಲ್ಲ ದೊಡ್ಡದು ಸಣ್ಣದು ಎನ್ನದೆ ಒಂದೇ ಪಾತ್ರೆಗೆ ಸುರಿದು ಕೊಟ್ಟುಬಿಟ್ಟಳು. ಅವನಿಗೆ ಗೊತ್ತಾದಾಗ ನಮಿತಾಳ ಬಾಗಿಲು ಮುಚ್ಚಿತ್ತು, ಸಮುದ್ರಕ್ಕೆ ಹೊರಟೇಹೋದಳೆಂದುಕೊಂಡ. ಖಾಲಿ ಬಕೆಟ್ ನೋಡಿ ಅವನಿಗೆ ನಿಜವಾಗಿಯೂ ಅಳು ಬಂತು. ಹೋಗಲಿ, ಮನೆಯಾದರೂ ಉಳಿಯಿತಲ್ಲ ಎಂದು ಸಮಾಧಾನ ಮಾಡಿಕೊಂಡ.

ಸಂಜೆ ಧೀರಜ್‌ಭಾಯಿ ಅಗ್ರಿಮೆಂಟಿನೊಂದಿಗೆ ಬಂದು ಸೋಫಾದ ಮೇಲೆ ಕುಳಿತರು. "ಎಲ್ಲಾ ಬಿಟ್ಟು ಬಂದ್ಯಾ?"

"ಎಲ್ಲಾ ಸಮುದ್ರಕ್ಕ ಮುಟ್ಯಾವ್ರಿ."

"ಪುಣ್ಯಾತ್ಮ! ಈ ಸಲ ಮೂರು ವರ್ಷಕ್ಕ ಬರದೀನಿ ನೋಡು" ಎಂದು ಅವರು ಪೆನ್ನು ತೆರೆದು, ಕಾಗದದ ಮೇಲೆ ಬಾಗಿ, ಹಾಗೇ ತಡೆದರು. ಮೂಗು ಮೇಲೆದ್ದಿತು. ಹುರಿದ ತೆಂಗಿನಕಾಯಿ, ಬೆಳ್ಳುಳ್ಳಿ, ಕೊತ್ತಂಬರಿ, ಅದರಡಿ ಇನ್ನೂ ಏನೋ ಒಂದು ಬಾಗಿಲ ಸಂದಿಯಿಂದ ನಿಧಾನವಾಗಿ ಒಳಗೆ ಬರುತ್ತಿತ್ತು.

ಬೆಲ್ಲಾಯಿತು. ಶೈಲಾ ಬಾಗಿಲು ತೆಗೆದಳು. ನಮಿತಾಳ ಒಂದು ಕೈಯಲ್ಲಿ ಮುಚ್ಚಿದ ಸ್ಟೀಲಿನ ಬಟ್ಟಲು, ಇನ್ನೊಂದರಲ್ಲಿ ನೀರು ತುಂಬಿದ ಬಾಟಲಿ. ಬಾಟಲಿಯಲ್ಲಿ ನಾಲ್ಕು ಪುಟಾಣಿ ಏಡಿಗಳು ಚಿಪ್ಪು ಹೊತ್ತು ಓಡಾಡುತ್ತಿದ್ದವು.

"ಸಣ್ಣದರಲ್ಲಿ ಎಂಥದೂ ಇಲ್ಲ ಶೈಲಕ್ಕ, ವಾಪಸ್ ತಂದೆ. ಇದು ನಿಮ್ಮ ಪಾಲು..." ಎಂದವಳ ಕಣ್ಣು ಸೋಫಾದ ಮೇಲೆ ಬಿತ್ತು.

"ಅದೇ ಶೈಲಕ್ಕ" ಎಂದು ದನಿ ಏರಿಸಿದಳು. "ನೀವು ಪ್ರೀತಿಯಿಂದ ಕಳಿಸಿದ್ದು ಹೌದು, ಬೇಜಾರು ಮಾಡ್ಬೇಡಿ. ಆದರೆ ಈ ಬಿಲ್ಡಿಂಗಿಗೆ ಬಂದ ಮೇಲೆ ನಾವು ಇಂಥದ್ದೆಲ್ಲ ತಿನ್ನುವುದಿಲ್ಲ." ಬಟ್ಟಲನ್ನೂ ಬಾಟಲಿಯನ್ನೂ ಶೈಲಾಳ ಕೈಗಿಟ್ಟು ಹಿಂತಿರುಗಿ ನೋಡದೆ ನಡೆದಳು.

ಶೈಲಾ ಬಟ್ಟಲನ್ನು ಮೈಯಿಂದ ದೂರ ಹಿಡಿದಳು. ಕಾಶಪ್ಪ ಬಾಯಿ ತೆರೆದ. ಇಂದಿನ ಮಟ್ಟಿಗೆ ಇದ್ದ ಸುಳ್ಳೆಲ್ಲ ಬೆಳಿಗ್ಗೆಯೇ ಖರ್ಚಾಗಿತ್ತು, ನಿಜವನ್ನು ನಂಬುವವರು ಯಾರೂ ಇರಲಿಲ್ಲ. ಧೀರಜ್‌ಭಾಯಿ ಮೆಲ್ಲಗೆ ಪೆನ್ನಿನ ಮುಚ್ಚಳ ಹಾಕಿದರು.

"ನಮ್ಮ ತಾಯಿ ಹೆಸರಿನ ಬುಟ್ಟಿ ಇದರಾಗ ಯಾವುದು, ಕಾಶಪ್ಪ?" ಎಂದು ಕೇಳಿದರು.

ಅಷ್ಟರಲ್ಲಿ ಗೋಡೆಯ ಇಂಟರ್‌ಕಾಮ್ ಗುಂಯ್ ಎಂದು, ಗೇಟಿನಿಂದ ಮರೆಪ್ಪನ ದನಿ ಇಡೀ ಹಾಲಿಗೆ ಕೇಳಿಸಿತು.

"ಸಾಹೇಬ್ರ, ವಾಸನಿ ಕೆಳಗಿನ ತನಕಾ ಬಂದದ. ನನ್ನ ಬಟ್ಟಲಾ ಮರೀಬ್ಯಾಡ್ರಿ."